ತಂತಿಯ ಹೆಡ್‌ಫೋನ್ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ತಂತ್ರಜ್ಞಾನ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಹೊಸ ಹೆಡ್‌ಫೋನ್ ಬಂದಾಗಲೆಲ್ಲ ಅಲ್ಲಿ ಬರುವುದು ಅದದೇ ಮಾತು. ಬ್ಯಾಟರಿ ಎಷ್ಟು ಗಂಟೆ ಬರುತ್ತದೆ, ಹೊರಗಿನ ಗದ್ದಲ ಎಷ್ಟು ತಡೆಯುತ್ತದೆ, ಬೇಸ್ ಎಷ್ಟು ಗುಮ್ಮೆನ್ನುತ್ತದೆ. ಹಾಡು ಕೇಳುವವರಿಗೆ ಅಷ್ಟು ಸಾಕು. ಆದರೆ ಒಂದು ಲ್ಯಾಪ್‌ಟಾಪ್, ಒಂದು ಮೈಕ್ ಇಟ್ಟುಕೊಂಡು ಮನೆಯಲ್ಲೇ ಹಾಡು ಮಾಡುವವರೂ ಇದ್ದಾರಲ್ವಾ? ಅವರೂ ಇದನ್ನೇ ಓದಿ ಕೊಳ್ಳುತ್ತಾರೆ. ನಾನೂ ಹಾಗೇ ಕೊಂಡೆ.

ಅಕ್ಕನ ಮಗಳು ಚೆನ್ನಾಗಿ ಹಾಡುತ್ತಾಳೆ. ಒಂದು ದಿನ ಅವಳ ಹಾಡು ರೆಕಾರ್ಡ್ ಮಾಡಲು ಕೂತೆವು. ತಾಳ ಕೇಳಲಿ ಅಂತ ಅವಳ ಕಿವಿಗೆ ನನ್ನ ಬ್ಲೂಟೂತ್ ಹೆಡ್‌ಫೋನ್ ಹಾಕಿದ್ದೆ. ಆಮೇಲೆ ಕೇಳಿದರೆ ಪ್ರತಿ ಸಾಲೂ ತಾಳಕ್ಕಿಂತ ಹಿಂದೆ. ಇನ್ನೊಂದು ಸಲ, ಮತ್ತೊಂದು ಸಲ ಅಂತ ಹನ್ನೊಂದು ಸಲ ಹಾಡಿಸಿದೆ. ಕೊನೆಗೆ ‘ತಾಳದ ಕಡೆ ಗಮನವೇ ಇಲ್ಲ ನಿಂಗೆ’ ಅಂತ ಗದರಿದೆ. ಅವಳ ಕಣ್ಣು ತುಂಬಿತು.

ತಪ್ಪು ಅವಳದಾಗಿರಲಿಲ್ಲ. ಬ್ಲೂಟೂತ್‌ನಲ್ಲಿ ಸದ್ದು ಕಿವಿ ಮುಟ್ಟುವಷ್ಟರಲ್ಲಿ ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡ್ ಕಳೆದಿರುತ್ತದೆ, ಕೆಲವದರಲ್ಲಿ ಇನ್ನೂ ಜಾಸ್ತಿ. ನಮ್ಮ ಹಾಡಿನ ವೇಗ ನಿಮಿಷಕ್ಕೆ 90 ಬೀಟ್. ಒಂದು ಬೀಟ್ ಅಂದರೆ ಸುಮಾರು 667 ಮಿಲಿಸೆಕೆಂಡ್. 200 ತಡವಾದರೆ ಬೀಟಿನ ಸುಮಾರು ಮೂರನೇ ಒಂದು ಪಾಲು ಹೋಯಿತು. ಅವಳು ಕಿವಿಗೆ ಬಿದ್ದ ತಾಳಕ್ಕೆ ಸರಿಯಾಗಿಯೇ ಹಾಡುತ್ತಿದ್ದಳು. ತಾಳವೇ ತಡವಾಗಿ ಬೀಳುತ್ತಿತ್ತು. ಇದು ಹೊಳೆದ ಮೇಲೆ ತಂತಿ ಇರುವ ಹಳೇ ಹೆಡ್‌ಫೋನ್ ಹುಡುಕಿ ಕೊಟ್ಟೆ. ಎರಡನೇ ಟೇಕ್‌ಗೇ ಹಾಡು ಕೂತಿತು. ಅವಳ ಹತ್ತಿರ ಕ್ಷಮೆ ಕೇಳಿದೆ. ಆದರೂ ಆ ದಿನ ನೆನಪಾದರೆ ಈಗಲೂ ಬೇಜಾರಾಗುತ್ತದೆ.

ಹಾಗಾಗಿ ಹಾಡು ಮಾಡುವವರಿಗೆ ತಂತಿ ಬೇಕೇ ಬೇಕು. ಒಂದೇ ಒಂದು ಕೊಳ್ಳಲು ದುಡ್ಡಿದ್ದರೆ ಕಿವಿಯನ್ನು ಪೂರ್ತಿ ಮುಚ್ಚುವ, ಹಿಂಬದಿಯೂ ಮುಚ್ಚಿದ ಕ್ಲೋಸ್ಡ್ ಬ್ಯಾಕ್ ತಗೊಳ್ಳಿ ಅಂತ ನಾನು ಹೇಳುತ್ತೇನೆ. ಹಿಂಬದಿ ತೆರೆದಿರುವ ಓಪನ್ ಬ್ಯಾಕ್‌ನಲ್ಲಿ ಸಂಗೀತ ಹರವಾಗಿ ಕೇಳುತ್ತದೆ, ರೆಕಾರ್ಡ್ ಆದ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್‌ಗೆ ತುಂಬಾ ಹಿತ. ಆದರೆ ಅದನ್ನು ಹಾಕಿಕೊಂಡು ಮೈಕ್ ಮುಂದೆ ಹಾಡಿದರೆ ತಾಳ ಕೊಡುವ ಮೆಟ್ರೋನೋಮಿನ ಟಿಕ್ ಟಿಕ್ ಸೋರಿ ಮೈಕಿಗೂ ಬೀಳುತ್ತದೆ. ಜೋರಾಗಿ ಹಾಡುವಾಗ ಗೊತ್ತಾಗುವುದಿಲ್ಲ. ಕೊನೆಯ ಸ್ವರ ಮೆಲ್ಲಗೆ ಕರಗುವಾಗ ಅದರ ಹಿಂದೆ ಟಿಕ್ ಅನ್ನುತ್ತದೆ. ಆ ಸ್ವರವನ್ನು ಆಮೇಲೆ ಯಾವ ಸಾಫ್ಟ್‌ವೇರಿನಿಂದಲೂ ಮೊದಲಿನಂತೆ ಮಾಡಲು ನನಗೆ ಆಗಿಲ್ಲ.

ಬೇಸ್ ಜಾಸ್ತಿ ಇದ್ದರೆ ಒಳ್ಳೆಯದು ಅನ್ನುವುದನ್ನು ದಯವಿಟ್ಟು ಬರೆಯಬೇಡಿ. ಬೇಸ್ ಉಬ್ಬಿಸಿದ ಹೆಡ್‌ಫೋನಿನಲ್ಲಿ ಮಿಕ್ಸ್ ಮಾಡುವವರು ಹಾಡಿನ ಬೇಸನ್ನು ತಾವೇ ತಗ್ಗಿಸಿಬಿಡುತ್ತಾರೆ. ಬೇರೆ ಕಡೆ ಕೇಳಿದರೆ ಹಾಡು ಒಣಗಿದಂತಿರುತ್ತದೆ. ನನ್ನ ಮೊದಲ ಮೂರು ಹಾಡುಗಳು ಹೀಗೇ ಆದವು. ಸ್ಟುಡಿಯೋ ಹೆಡ್‌ಫೋನ್ ಸಿಹಿಯಾಗಿ ಕೇಳಬೇಕಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಾಕು. ಸೋನಿಯ ಎಂಡಿಆರ್-7506 ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಇವತ್ತಿಗೂ ಅದು ಸ್ಟುಡಿಯೋಗಳಲ್ಲಿ ದುಡಿಯುತ್ತಿದೆ. ಪ್ರತಿ ವರ್ಷ ಹೊಸದು ಕೊಳ್ಳಬೇಕು ಅನ್ನುವವರು ಇದನ್ನೊಮ್ಮೆ ನೋಡಬೇಕು.

ಓಮ್ ಅನ್ನುವ ಅಂಕಿಯನ್ನು ಯಾರೂ ವಿವರಿಸುವುದಿಲ್ಲ. ಕರೆಂಟಿಗೆ ಹೆಡ್‌ಫೋನ್ ಒಡ್ಡುವ ತಡೆಯ ಅಳತೆ ಅದು. ಬೇಯರ್‌ಡೈನಾಮಿಕ್ ಕಂಪನಿಯ ಡಿಟಿ 770 ಪ್ರೊ ಹೆಡ್‌ಫೋನ್ 32, 80, 250 ಓಮ್‌ಗಳಲ್ಲಿ ಬಂದಿದೆ. ನೋಡಲು ಎಲ್ಲ ಒಂದೇ ಥರ. 250 ಓಮ್‌ನದನ್ನು ತಂದು ಸುಮ್ನೆ ಫೋನಿಗೆ ಚುಚ್ಚಿದರೆ ವಾಲ್ಯೂಮ್ ಪೂರ್ತಿ ಏರಿಸಿದರೂ ಸದ್ದು ಸಾಲದೆ ಬರಬಹುದು. ಅದಕ್ಕೆ ಗಟ್ಟಿಯಾದ ಆಂಪ್ಲಿಫೈಯರ್ ಬೇಕು. ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಸಣ್ಣ ಆಡಿಯೋ ಇಂಟರ್‌ಫೇಸ್ ಇಟ್ಟುಕೊಂಡು ಶುರು ಮಾಡುವವರಿಗೆ 80 ಓಮ್‌ವರೆಗಿನದು ಸಾಕು. ಸೋನಿಯದು 63, ಆಡಿಯೋ-ಟೆಕ್ನಿಕಾದ ಎಟಿಎಚ್-ಎಂ40ಎಕ್ಸ್ 35. ಎಂ40ಎಕ್ಸ್‌ನ ತಂತಿ ಬಿಚ್ಚಿ ಬದಲಿಸಬಹುದು. 7506ನಲ್ಲಿ ಹಾಗಿಲ್ಲ, ತಂತಿ ತುಂಡಾದರೆ ಬೆಸುಗೆ ಹಾಕುವವರನ್ನೇ ಹುಡುಕಬೇಕು. ಕಮ್ಮಿ ದುಡ್ಡಿನಲ್ಲಿ ಶುರು ಮಾಡುವವರು ನನ್ನನ್ನು ಕೇಳಿದರೆ, ಇದೊಂದೇ ಕಾರಣಕ್ಕೆ ಎಂ40ಎಕ್ಸ್ ಅನ್ನುತ್ತೇನೆ.

ಇನ್ನು ಕಿವಿಯ ಮೇಲೆ ಕೂರುವ ದಿಂಬು. ಇದನ್ನು ಯಾವ ವಿಮರ್ಶೆಯಲ್ಲೂ ನಾನು ಕಂಡಿಲ್ಲ. ನನ್ನ ತಂತಿಯ ಹೆಡ್‌ಫೋನಿಗೆ ಐದು ವರ್ಷವಾದಾಗ ದಿಂಬಿನ ಕಪ್ಪು ಹೊದಿಕೆ ಪುಡಿಪುಡಿಯಾಗಿ ಉದುರತೊಡಗಿತು. ತೆಗೆದಾಗಲೆಲ್ಲ ಕಿವಿಯ ಸುತ್ತ ಕಪ್ಪು ಚೂರು ಅಂಟಿರುತ್ತಿತ್ತು. ಅದೇ ಹೊತ್ತಿಗೆ ಬೇಸ್ ಕೂಡ ತೆಳ್ಳಗಾಯಿತು. ಒಳಗೆ ಸದ್ದು ಹೊರಡಿಸುವ ಡ್ರೈವರ್ ಸತ್ತಿತು, ಹೊಸದು ಕೊಳ್ಳಲೇಬೇಕು ಅಂದುಕೊಂಡೆ. ಏನೋ ತೋಚಿ ಎರಡೂ ಕಪ್‌ಗಳನ್ನು ಅಂಗೈಯಲ್ಲಿ ಮೆಲ್ಲಗೆ ಒತ್ತಿ ಹಿಡಿದೆ. ಬೇಸ್ ವಾಪಸ್ ಬಂತು! ಕೈ ಬಿಟ್ಟೆ, ಹೋಯಿತು. ದಿಂಬು ಚಪ್ಪಟೆಯಾಗಿ ಸಂದಿನಿಂದ ಗಾಳಿ ಸೋರುತ್ತಿತ್ತು, ಅಷ್ಟೇ. ಹೊಸ ಜೋಡಿ ದಿಂಬು ತರಿಸಿ ಹಾಕಿದೆ, ಐದು ನಿಮಿಷದ ಕೆಲಸ. ಈಗಲೂ ಅದರಲ್ಲೇ ಕೆಲಸ ಮಾಡುತ್ತಿದ್ದೇನೆ. ಕನ್ನಡಕ ಹಾಕುವವರು ಕನ್ನಡಕದ ಜತೆಗೇ ಹಾಕಿ ನೋಡಿ ಕೊಳ್ಳಬೇಕು. ಕಡ್ಡಿ ಕೂರುವ ಜಾಗದಲ್ಲೂ ಇದೇ ಥರ ಸೋರುತ್ತದೆ.

ಸದ್ದಿನ ಮಟ್ಟದ ಬಗ್ಗೆಯೂ ನಿಮ್ಮ ಪುಟದಲ್ಲಿ ಎರಡು ಸಾಲು ಬರಲಿ. 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ ಮಿತಿ ಅನ್ನುತ್ತಾರೆ. 3 ಡೆಸಿಬೆಲ್ ಏರಿದರೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಮಿಕ್ಸಿಂಗ್‌ಗೆ ಕೂತವರಿಗೆ ಗಂಟೆ ಹೋದದ್ದೇ ತಿಳಿಯುವುದಿಲ್ಲ.

ಮುಂದೆ ಯಾವ ಹೆಡ್‌ಫೋನ್ ಬಗ್ಗೆ ಬರೆದರೂ ಓಮ್ ಎಷ್ಟು, ತಂತಿ ಬಿಚ್ಚಬಹುದೇ, ದಿಂಬು ಬಿಡಿಯಾಗಿ ಸಿಗುತ್ತದೆಯೇ ಅನ್ನುವುದನ್ನೂ ಸೇರಿಸಿ. ಹಾಡುವವರ ಕಿವಿಗೆ ಬ್ಲೂಟೂತ್ ಹಾಕಿ ರೆಕಾರ್ಡ್ ಮಾಡಬೇಡಿ ಅಂತ ಒಂದು ಸಾಲು ದಪ್ಪಕ್ಷರದಲ್ಲಿ ಹಾಕಿದರೆ ಇನ್ನೂ ಸಂತೋಷ.

ಇಂತಿ,
ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವ ನಿಮ್ಮ ಓದುಗ