ನಿನ್ನ ಮ್ಯಾಕ್ರೋ ಬಟನ್ ಬಗ್ಗೆ

ಚಿ. ಪುಟ್ಟಿಗೆ,

ಮಾವನ ಆಶೀರ್ವಾದಗಳು.

ವರ್ಡ್‌ನಲ್ಲಿ ದಿನವೂ ಅದದೇ ಕೆಲಸ ಮಾಡಿ ಬೇಜಾರಾಗಿದೆ, ಮ್ಯಾಕ್ರೋ ಕಲಿಯಬೇಕು ಅಂತ ಬರೆದಿದ್ದೆ. ಕಲಿ. ಮ್ಯಾಕ್ರೋ ಅಂದರೆ ನೀನು ಮಾಡಿದ ಹೆಜ್ಜೆಗಳನ್ನು ವರ್ಡ್ ದಾಖಲಿಸಿಟ್ಟು, ಬೇಕೆಂದಾಗ ತಾನೇ ಮತ್ತೆ ಮಾಡುವ ವ್ಯವಸ್ಥೆ. ಅದಕ್ಕೆ ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ. ಆದರೆ ಎಷ್ಟೋ ಕೆಲಸಕ್ಕೆ ಮ್ಯಾಕ್ರೋನೇ ಬೇಡ. ಫಾರ್ಮ್ಯಾಟಿಂಗ್ ಬಿಟ್ಟು ಬರೀ ಅಕ್ಷರ ಪೇಸ್ಟ್ ಮಾಡುವ ಕಮಾಂಡ್ ವರ್ಡ್‌ನಲ್ಲೇ ಇದೆ. ಅಂಥದ್ದನ್ನು ಕ್ವಿಕ್ ಆಕ್ಸೆಸ್ ಟೂಲ್‌ಬಾರ್‌ಗೆ, ಅಂದರೆ ಬೇಕಾದ ಬಟನ್‌ಗಳನ್ನು ಕೈಗೆಟಕುವಂತೆ ಇಟ್ಟುಕೊಳ್ಳುವ ಪಟ್ಟಿಗೆ, ಸೇರಿಸಿಕೊಂಡರೆ ಆಯ್ತು.

ನಿನ್ನ ತಲೆನೋವು ಬೇರೆ. ಬಂದ ಫೈಲಿನ ತುಂಬಾ ಎರಡೆರಡು ಸ್ಪೇಸ್, ಅಲ್ವಾ? ಇದಕ್ಕೆ ಮ್ಯಾಕ್ರೋ ಹೇಳಿ ಮಾಡಿಸಿದ ಹಾಗಿದೆ. ವ್ಯೂ ಟ್ಯಾಬಿನಲ್ಲಿ ಮ್ಯಾಕ್ರೋಸ್, ಅದರಡಿ ರೆಕಾರ್ಡ್ ಮ್ಯಾಕ್ರೋ. ಹೆಸರು ಅಕ್ಷರದಿಂದ ಶುರುವಾಗಬೇಕು, ನಡುವೆ ಸ್ಪೇಸ್ ಇರಬಾರದು. ‘ಫೈಲ್‌ಸೇವ್’ ಅಂತ ಮಾತ್ರ ಇಂಗ್ಲಿಷಿನಲ್ಲಿ ಹೆಸರಿಡಬೇಡ. ಅದು ವರ್ಡ್‌ನ ಸ್ವಂತ ಕಮಾಂಡಿನ ಹೆಸರು, ಆಮೇಲೆ ಸೇವ್ ಒತ್ತಿದಾಗಲೂ ನಿನ್ನ ಮ್ಯಾಕ್ರೋನೇ ಓಡುತ್ತದೆ! ಅಲ್ಲೇ ‘ಬಟನ್’ ಆರಿಸಿದರೆ ಟೂಲ್‌ಬಾರ್‌ಗೆ ಸೇರಿಸಬಹುದು. ಮಾಡಿಫೈ ಒತ್ತಿ ಚಿತ್ರವನ್ನೂ ಹೆಸರನ್ನೂ ಬದಲಿಸಿಕೋ. ಇಲ್ಲದಿದ್ದರೆ ಎಲ್ಲ ಮ್ಯಾಕ್ರೋಗೂ ಒಂದೇ ಚಿತ್ರ, ಯಾವುದು ಏನು ಅಂತ ಗೊತ್ತಾಗುವುದಿಲ್ಲ.

ಈಗ ರೆಕಾರ್ಡಿಂಗ್ ನಡೆಯುತ್ತಿರುತ್ತದೆ. ಕಂಟ್ರೋಲ್ ಎಚ್ ಒತ್ತಿ, ಎರಡು ಸ್ಪೇಸ್ ಇದ್ದಲ್ಲಿ ಒಂದು ಹಾಕು ಅಂತ ಹೇಳಿ ರಿಪ್ಲೇಸ್ ಆಲ್ ಕೊಡು. ಮೂರು ಸ್ಪೇಸ್ ಇದ್ದಲ್ಲಿ ಮೊದಲ ಸುತ್ತಿಗೆ ಎರಡು ಉಳಿಯುತ್ತವೆ. ಅದಕ್ಕೇ ಇನ್ನೂ ಒಂದೆರಡು ಸಲ ಒತ್ತಿ, ಆಮೇಲೆ ರೆಕಾರ್ಡಿಂಗ್ ನಿಲ್ಲಿಸು.

ರೆಕಾರ್ಡರ್‌ಗೆ ನಿನ್ನ ಕೈ ಮಾಡಿದ್ದಷ್ಟೇ ಗೊತ್ತು, ಮನಸ್ಸಿನಲ್ಲಿದ್ದದ್ದು ಗೊತ್ತಿಲ್ಲ. ಮುಂದಿನ ಹೆಡಿಂಗ್‌ಗೆ ಹೋಗಲು ಕೆಳಗಿನ ಬಾಣವನ್ನು ನಾಲ್ಕು ಸಲ ಒತ್ತಿದೆ ಅಂತಿಟ್ಟುಕೋ. ಹೆಡಿಂಗ್ ಎಲ್ಲೇ ಇರಲಿ, ಮ್ಯಾಕ್ರೋ ಎಲ್ಲ ಫೈಲಿನಲ್ಲೂ ನಾಲ್ಕೇ ಸಾಲು ಇಳಿಯುತ್ತದೆ. ರೆಕಾರ್ಡಿಂಗ್ ನಡೆಯುವಾಗ ಮೌಸ್‌ನಿಂದ ಪಠ್ಯ ಆರಿಸಲೂ ಬಿಡುವುದಿಲ್ಲ, ಶಿಫ್ಟ್ ಹಿಡಿದು ಬಾಣದ ಕೀ ಬಳಸಬೇಕು. ಆದ್ದರಿಂದ ರೆಕಾರ್ಡ್ ಮಾಡದೆ ಒಮ್ಮೆ ಸುಮ್ನೆ ಅಭ್ಯಾಸ ಮಾಡು. ಆಲ್ಟ್ ಎಫ್11 ಒತ್ತಿದರೆ ಅದು ಬರೆದ ಕೋಡ್ ಕಾಣುತ್ತದೆ. ಹೆದರಬೇಡ, ಓದಿ ನೋಡು. ಬೇಡದ ಸಾಲು ಯಾವುದು ಅಂತ ಹೊಳೆಯತೊಡಗುತ್ತದೆ.

ಹೆಸರು ಕೊಡುವಾಗ ಮ್ಯಾಕ್ರೋ ಎಲ್ಲಿ ಉಳಿಸಬೇಕು ಅಂತಲೂ ಕೇಳುತ್ತದೆ. ‘ಆಲ್ ಡಾಕ್ಯುಮೆಂಟ್ಸ್’ ಅಂತ ಉಳಿಸಿದ್ದೆಲ್ಲ ನಾರ್ಮಲ್ ಡಾಟ್ ಡಾಟ್‌ಎಂ (Normal.dotm) ಎಂಬ ಒಂದೇ ಫೈಲಿನಲ್ಲಿರುತ್ತದೆ. ಕಂಪ್ಯೂಟರ್ ಬದಲಿಸುವ ಮೊದಲು ಅದರ ಪ್ರತಿ ತೆಗೆದಿಟ್ಟುಕೋ.

ಬೇರೆಯವರ ಮ್ಯಾಕ್ರೋ ವಿಷಯದಲ್ಲಿ ಮಾತ್ರ ನಾನು ಜಾಸ್ತಿ ಬಿಗಿ. 1999ರಲ್ಲಿ ಮೆಲಿಸ್ಸಾ ವೈರಸ್ ಹರಡಿದ್ದೇ ಇಮೇಲ್‌ನಲ್ಲಿ ಬಂದ ವರ್ಡ್ ಫೈಲಿನ ಮ್ಯಾಕ್ರೋದಿಂದ. ಇಂಟರ್ನೆಟ್‌ನಿಂದ ಬಂದ ಫೈಲಿನ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗೇ ತಡೆಯುತ್ತಿದೆ. ಆ ತಡೆಯನ್ನು ನೀನೇ ತೆಗೆಯಬೇಡ.

ಮೊದಲ ಸಲ ಫೈಲಿನ ಪ್ರತಿಯ ಮೇಲೆ ಓಡಿಸಿ ನೋಡು. ಒಂದು ಕ್ಲಿಕ್‌ನಲ್ಲಿ ಆದದ್ದನ್ನು ಹಿಂದೆ ತರಲು ಕಂಟ್ರೋಲ್ ಝಡ್ ಹಲವು ಸಲ ಒತ್ತಬೇಕಾಗಬಹುದು.

ಇತಿ ನಿನ್ನ,
ಮಾವ