ಇನ್ನು ಮುಂದೆ ಫೈಲ್ ಬೇರೆ, ಟೆಂಪ್ಲೇಟ್ ಬೇರೆ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳಿನಿಂದ ನಾವು ಕಳಿಸುವ ವರ್ಡ್ ಫೈಲ್‌ಗಳಲ್ಲಿ ಒಂದು ಸಣ್ಣ ಬದಲಾವಣೆ ಇರುತ್ತದೆ. ವರದಿ, ಪತ್ರ, ಒಪ್ಪಂದ, ಕೈಪಿಡಿ ಯಾವುದೇ ಇರಲಿ, ಮುಗಿದ ಫೈಲಿಗೂ ಅದರ ಟೆಂಪ್ಲೇಟಿಗೂ (ಅಂದರೆ ಫೈಲ್ ತಯಾರಿಸಲು ಬಳಸುವ ಅಚ್ಚಿಗೂ) ಇರುವ ಕೊಂಡಿ ತೆಗೆದು ಕಳಿಸುತ್ತೇವೆ. ಟೆಂಪ್ಲೇಟ್ ಬೇಕು ಎಂದವರಿಗೆ ಅದು ಬೇರೆ ಫೈಲ್ ಆಗಿ ಬರುತ್ತದೆ. ತೆರೆದು ನೋಡಿದರೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಆದರೂ ಯಾಕೆ ಹೀಗೆ ಅಂತ ನಿಮಗೆ ಗೊತ್ತಿದ್ದರೆ ಮುಂದೆ ಅನುಕೂಲ.

ಟೆಂಪ್ಲೇಟ್ ಫೈಲಿನ ಜೊತೆಯಲ್ಲೇ ಹೋಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗೆ ಹೋಗುವುದಿಲ್ಲ. ಟೆಂಪ್ಲೇಟ್‌ನಿಂದ ಹೊಸ ಫೈಲ್ ಮಾಡಿದಾಗ ಸ್ಟೈಲ್‌ಗಳು (ಹೆಡಿಂಗ್, ಪ್ಯಾರಾ ಹೇಗೆ ಕಾಣಬೇಕೆಂದು ಹೆಸರಿಟ್ಟು ಉಳಿಸಿದ ಸೆಟ್ಟಿಂಗ್‌ಗಳು), ಮಾರ್ಜಿನ್, ಪುಟದ ಮೇಲೆ ಕೆಳಗೆ ಬರುವ ಹೆಡರ್, ಫೂಟರ್ ಎಲ್ಲವೂ ಹೊಸ ಫೈಲಿಗೆ ನಕಲಾಗುತ್ತವೆ. ಆಮೇಲೆ ಉಳಿಯುವುದು ಟೆಂಪ್ಲೇಟ್ ಎಲ್ಲಿದೆ ಎಂಬ ವಿಳಾಸ ಮಾತ್ರ. ಬೇಕಾದರೆ ನೀವೇ ನೋಡಬಹುದು. ಯಾವುದಾದರೂ ಡಿಒಸಿಎಕ್ಸ್ (.docx, ಅಂದರೆ ಮಾಮೂಲಿ ವರ್ಡ್) ಫೈಲಿನ ಒಂದು ನಕಲು ಮಾಡಿ, ಅದರ ಹೆಸರಿನ ಕೊನೆಯ ಡಿಒಸಿಎಕ್ಸ್ ತೆಗೆದು ಜಿಪ್ ಅಂತ ಹಾಕಿ ತೆರೆಯಿರಿ. ಒಳಗೆ ‘ವರ್ಡ್’ ಫೋಲ್ಡರ್, ಅದರೊಳಗೆ ‘ರೆಲ್ಸ್’ ಫೋಲ್ಡರ್, ಅಲ್ಲಿ ಸೆಟ್ಟಿಂಗ್ಸ್ ಹೆಸರಿನ ಒಂದು ಪುಟ್ಟ ಫೈಲ್. ಟೆಂಪ್ಲೇಟ್ ಜೋಡಿಸಿದ್ದರೆ ಅದರ ಪೂರ್ತಿ ವಿಳಾಸ ಅಲ್ಲಿ ಬರೆದಿರುತ್ತದೆ. ಎಷ್ಟೋ ಸಲ ಆ ವಿಳಾಸದಲ್ಲೇ ಕಂಪ್ಯೂಟರ್ ಬಳಸುವವರ ಹೆಸರೂ ಇರುತ್ತದೆ. ಹೊರಗಿನವರಿಗೆ ಕಳಿಸುವ ಒಪ್ಪಂದದಲ್ಲಿ ಅದೆಲ್ಲ ಯಾಕೆ ಬೇಕು, ಅಲ್ವಾ?

ವಿಳಾಸ ಸುಮ್ನೆ ಇದ್ದರೆ ದೊಡ್ಡ ತೊಂದರೆಯಿಲ್ಲ. ಆದರೆ ಅದು ಆಫೀಸಿನ ಸರ್ವರ್ ತೋರಿಸುತ್ತಿದ್ದು, ಫೈಲ್ ತೆರೆಯುವವರಿಗೆ ಆ ಸರ್ವರ್ ಸಿಗದಿದ್ದರೆ, ವರ್ಡ್ ಅದನ್ನು ಹುಡುಕುತ್ತಾ ನಿಲ್ಲುತ್ತದೆ. ಎರಡು ಪುಟದ ಪತ್ರ ತೆರೆಯಲು ಇಷ್ಟು ಹೊತ್ತು ಬೇಕಾ ಅಂತ ಬೇಸರ ಆಗುವುದು ಎಷ್ಟೋ ಸಲ ಇದೇ ಕಾರಣಕ್ಕೆ. ಇನ್ನೊಂದು ವಿಷಯ: ವಂಚಕರು ಇದೇ ಜಾಗದಲ್ಲಿ ಇಂಟರ್ನೆಟ್ ವಿಳಾಸ ಇಟ್ಟು ಕೆಟ್ಟ ಮ್ಯಾಕ್ರೋ (ಫೈಲಿನೊಳಗಿನ ಪುಟ್ಟ ಪ್ರೋಗ್ರಾಂ) ಇರುವ ಟೆಂಪ್ಲೇಟ್ ಫೈಲ್ ತೆರೆದವರ ಕಂಪ್ಯೂಟರಿಗೆ ಇಳಿಯುವಂತೆ ಮಾಡುವುದುಂಟು. ನಮ್ಮ ಫೈಲಿನಲ್ಲಿ ಹೊರಗಿನ ಯಾವ ವಿಳಾಸವೂ ಇಲ್ಲದಿದ್ದರೆ ನಿಮಗೂ ನಿರಾಳ.

ಜಾಸ್ತಿ ಕಾಟ ಕೊಡುವುದು ಒಂದು ಟಿಕ್. ‘ಡೆವಲಪರ್’ ಟ್ಯಾಬಿನಲ್ಲಿ ‘ಡಾಕ್ಯುಮೆಂಟ್ ಟೆಂಪ್ಲೇಟ್’ ಒತ್ತಿದರೆ ತೆರೆಯುವ ಬಾಕ್ಸಿನಲ್ಲಿ ‘ಆಟೋಮ್ಯಾಟಿಕಲಿ ಅಪ್‌ಡೇಟ್ ಡಾಕ್ಯುಮೆಂಟ್ ಸ್ಟೈಲ್ಸ್’ ಅಂತ ಇದೆ. ಅದಕ್ಕೆ ಟಿಕ್ ಹಾಕಿದ್ದರೆ, ಫೈಲ್ ತೆರೆದಾಗಲೆಲ್ಲ ಟೆಂಪ್ಲೇಟ್‌ನಲ್ಲಿರುವ ಅದೇ ಹೆಸರಿನ ಸ್ಟೈಲ್ ಬಂದು ಫೈಲಿನ ಸ್ಟೈಲ್ ಮೇಲೆ ಕೂರುತ್ತದೆ. ಫೈಲ್ ‘ನಾರ್ಮಲ್’ ಟೆಂಪ್ಲೇಟಿಗೆ ಜೋಡಣೆಯಾಗಿದ್ದರಂತೂ ಮುಗಿಯಿತು. ನಾರ್ಮಲ್ ಎಂಬ ಟೆಂಪ್ಲೇಟ್ ಎಲ್ಲ ಕಂಪ್ಯೂಟರಿನಲ್ಲೂ ಇರುತ್ತದೆ, ಆದರೆ ಒಬ್ಬೊಬ್ಬರದು ಒಂದೊಂದು ಥರ. ನಿಮ್ಮಲ್ಲಿ ಕಪ್ಪಾಗಿದ್ದ ಹೆಡಿಂಗ್ ಮುಂದಿನವರ ಹತ್ತಿರ ನೀಲಿ, ಸಾಲುಗಳ ನಡುವಿನ ಜಾಗ ಬೇರೆ, ಇಪ್ಪತ್ತು ಪುಟದ ವರದಿ ಇಪ್ಪತ್ತಮೂರಕ್ಕೆ ಹೋಗಿ ಪುಟಸೂಚಿಯೆಲ್ಲ ತಪ್ಪು. ಯಾರೂ ಏನೂ ಮುಟ್ಟಿರುವುದಿಲ್ಲ. ನಾವು ಕಳಿಸುವ ಪ್ರತಿ ಫೈಲಿನಲ್ಲೂ ಈ ಟಿಕ್ ತೆಗೆದಿರುತ್ತದೆ. ದಯವಿಟ್ಟು ಹಾಕಬೇಡಿ. ನಿಮ್ಮ ಹಳೆಯ ಫೈಲ್‌ಗಳಲ್ಲೂ ಒಮ್ಮೆ ನೋಡಿಕೊಳ್ಳಿ.

ಟೆಂಪ್ಲೇಟ್ ತೆಗೆದುಕೊಳ್ಳುವವರಿಗೆ ಎರಡು ಮಾತು. ಅದು ಡಿಒಟಿಎಕ್ಸ್ (.dotx, ವರ್ಡ್ ಟೆಂಪ್ಲೇಟ್) ಫೈಲ್ ಆಗಿ ಬರುತ್ತದೆ, ಹೆಸರಿನಲ್ಲೇ ತಯಾರಾದ ತಾರೀಕು ಇರುತ್ತದೆ. ಹೊಸದು ಬಂದಾಗ ಹಳೆಯದನ್ನು ತೆಗೆದುಬಿಡಿ. ‘ಡಾಕ್ಯುಮೆಂಟ್ಸ್’ ಒಳಗಿನ ‘ಕಸ್ಟಮ್ ಆಫೀಸ್ ಟೆಂಪ್ಲೇಟ್ಸ್’ ಫೋಲ್ಡರಿನಲ್ಲಿ ಇಟ್ಟುಕೊಂಡರೆ ‘ಫೈಲ್’, ‘ನ್ಯೂ’ ಒತ್ತಿದಾಗ ಅಲ್ಲೇ ಸಿಗುತ್ತದೆ. ಡಬಲ್ ಕ್ಲಿಕ್ ಮಾಡಿದರೆ ಹೊಸ ಫೈಲ್ ತೆರೆಯುತ್ತದೆ, ಟೆಂಪ್ಲೇಟ್ ಹಾಗೇ ಉಳಿಯುತ್ತದೆ. ಟೆಂಪ್ಲೇಟನ್ನೇ ತಿದ್ದಬೇಕಾದರೆ ರೈಟ್ ಕ್ಲಿಕ್ ಮಾಡಿ ‘ಓಪನ್’ ಕೊಡಬೇಕು.

ಟೆಂಪ್ಲೇಟ್ ತಿದ್ದಿದರೆ ಹಳೆಯ ಪತ್ರಗಳೆಲ್ಲ ತಾವಾಗಿಯೇ ಸರಿಹೋಗುತ್ತವೆ ಎಂಬ ನಿರೀಕ್ಷೆ ಬೇಡ. ಲೆಟರ್‌ಹೆಡ್‌ನಲ್ಲಿ ಫೋನ್ ನಂಬರ್ ಬದಲಾಯಿತು ಅಂದುಕೊಳ್ಳಿ. ಟೆಂಪ್ಲೇಟ್‌ನಲ್ಲಿ ತಿದ್ದಿದ್ದು ಇನ್ನು ಮುಂದಿನ ಪತ್ರಗಳಿಗೆ ಮಾತ್ರ ಬರುತ್ತದೆ. ಹೆಡರ್, ಫೂಟರ್, ಮಾರ್ಜಿನ್ ಹಳೆಯ ಫೈಲಿಗೆ ಹೋಗುವುದೇ ಇಲ್ಲ. ಸ್ಟೈಲ್‌ಗಳನ್ನು ಮಾತ್ರ ತರಿಸಿಕೊಳ್ಳಬಹುದು: ಹಳೆಯ ಫೈಲಿಗೆ ಹೊಸ ಟೆಂಪ್ಲೇಟ್ ಜೋಡಿಸಿ, ಆ ಟಿಕ್ ಒಂದೇ ಸಲ ಹಾಕಿ ‘ಓಕೆ’ ಕೊಡಿ, ಕೂಡಲೇ ಮತ್ತೆ ಹೋಗಿ ಟಿಕ್ ತೆಗೆಯಿರಿ. ಆ ಟಿಕ್‌ನಿಂದ ನಿಜವಾದ ಉಪಯೋಗ ಇಷ್ಟೇ ಅಂತ ನಮ್ಮ ಅಭಿಪ್ರಾಯ.

ಬಟನ್ ಒತ್ತಿದರೆ ಕೆಲಸ ಮಾಡುವ ಮ್ಯಾಕ್ರೋಗಳನ್ನು ನಿಮ್ಮಲ್ಲಿ ಕೆಲವರು ಬಳಸುತ್ತೀರಿ. ಅವು ಟೆಂಪ್ಲೇಟ್‌ನಲ್ಲಿ ಇರುವುದರಿಂದ ಬಿಡಿ ಫೈಲಿನ ಜೊತೆ ಬರುವುದಿಲ್ಲ. ಕೇಳಿದವರಿಗೆ ಡಿಒಟಿಎಂ (.dotm, ಮ್ಯಾಕ್ರೋ ಇರುವ ಟೆಂಪ್ಲೇಟ್) ಫೈಲ್ ಕಳಿಸುತ್ತೇವೆ. 2022ರಿಂದೀಚೆಗೆ ಇಂಟರ್ನೆಟ್‌ನಿಂದ ಬಂದ ಮ್ಯಾಕ್ರೋಗಳನ್ನು ಆಫೀಸ್ ತಾನಾಗಿಯೇ ತಡೆಯುತ್ತದೆ. ನಮ್ಮಿಂದಲೇ ಬಂದದ್ದು ಎಂದು ಖಾತ್ರಿಯಾದ ಮೇಲೆ ಫೈಲಿನ ‘ಪ್ರಾಪರ್ಟೀಸ್’ ತೆರೆದು ‘ಅನ್‌ಬ್ಲಾಕ್’ ಟಿಕ್ ಮಾಡಿ. ವರ್ಡ್ ಬದಲು ಲಿಬ್ರೆಆಫೀಸ್ ಬಳಸುವವರಿಗೆ ಒಟಿಟಿ (.ott, ಅದರ ಟೆಂಪ್ಲೇಟ್) ಫೈಲ್ ಕೊಡುತ್ತೇವೆ.

ಕನ್ನಡದ ಫೈಲ್‌ಗಳಿಗೆ ಫಾಂಟಿನ ಮಾತು ಬೇರೆಯೇ ಇದೆ. ಸ್ಟೈಲ್ ತಿದ್ದುವಾಗ ಫಾಂಟ್ ಬಾಕ್ಸಿನ ‘ಲ್ಯಾಟಿನ್ ಟೆಕ್ಸ್ಟ್’ ಜಾಗದಲ್ಲಿ ಬದಲಾಯಿಸಿದರೆ ಇಂಗ್ಲಿಷ್ ಅಕ್ಷರಗಳು ಮಾತ್ರ ಬದಲಾಗುತ್ತವೆ. ಕನ್ನಡಕ್ಕೆ ಕೆಳಗಿನ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಜಾಗದಲ್ಲಿ ಫಾಂಟನ್ನೂ ಸೈಜನ್ನೂ ಬೇರೆ ಕೊಡಬೇಕು. ನಮ್ಮ ಟೆಂಪ್ಲೇಟ್‌ಗಳಲ್ಲಿ ಎರಡೂ ಇರುತ್ತವೆ. ಫಾಂಟಿನ ಲೈಸೆನ್ಸ್ ಒಪ್ಪುವ ಕಡೆ ಫಾಂಟನ್ನು ಫೈಲಿನೊಳಗೇ ಸೇರಿಸಿ ಕಳಿಸುತ್ತೇವೆ. ಫೈಲಿನ ಸೈಜ್ ಸ್ವಲ್ಪ ಜಾಸ್ತಿಯಾಗುತ್ತದೆ, ಗಾಬರಿ ಬೇಡ.

ಒಂದನ್ನು ಮಾತ್ರ ನಾವು ತಡೆಯಲಾರೆವು. ನಮ್ಮ ಫೈಲಿನಿಂದ ನಾಲ್ಕು ಪ್ಯಾರಾ ಕಾಪಿ ಮಾಡಿ ಬೇರೆ ಫೈಲಿಗೆ ಪೇಸ್ಟ್ ಮಾಡಿದರೆ, ಒಂದೇ ಹೆಸರಿನ ಸ್ಟೈಲ್ ಎರಡರಲ್ಲೂ ಇದ್ದಾಗ ಸಾಮಾನ್ಯವಾಗಿ ಗೆಲ್ಲುವುದು ಪೇಸ್ಟ್ ಆದ ಕಡೆಯದು. ಹಾಗಾಗಿ ನಮ್ಮ ಟೆಂಪ್ಲೇಟ್‌ಗಳಲ್ಲಿ ಮುಖ್ಯವಾದ ಸ್ಟೈಲ್‌ಗಳಿಗೆ ಇನ್ನು ಮುಂದೆ ನಿಮ್ಮ ಸಂಸ್ಥೆಯ ಹೆಸರಿನ ಮೊದಲಕ್ಷರ ಸೇರಿಸುತ್ತಿದ್ದೇವೆ. ಬೇರೆ ಥರದ ಹೆಸರು ಬೇಕಿದ್ದರೆ ಈ ತಿಂಗಳ ಕೊನೆಯೊಳಗೆ ಹೇಳಿ. ಈಗಾಗಲೇ ನಿಮ್ಮ ಹತ್ತಿರ ಇರುವ ಫೈಲ್‌ಗಳ ಕೊಂಡಿ ತೆಗೆಯಬೇಕಿದ್ದರೆ ಅವನ್ನೂ ಕಳಿಸಿ. ಅದಕ್ಕೆ ಹಣವೇನೂ ಇಲ್ಲ.

ಇಂತಿ ನಿಮ್ಮ,
ದಾಖಲೆ ವಿನ್ಯಾಸ ಬಳಗ