ಮೊದಲು ಹಗ್ಗ ಎಣಿಸು: ಐಸ್ ಕ್ಲೈಂಬಿಂಗ್ ಹಬ್ಬ ನಡೆಸಲು ಹೊರಟ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಹೆಪ್ಪುಗಟ್ಟಿದ ನೀರಿನ ಗೋಡೆ ಹತ್ತುವ ಎರಡು ದಿನದ ಹಬ್ಬಕ್ಕೆ ನೀನು ಕಳಿಸಿದ ಯೋಜನೆ ಪೂರ್ತಿ ಓದಿದೆ. ಬ್ಯಾನರ್ ಎಲ್ಲೆಲ್ಲಿ, ಸಂಜೆಯ ಕಾರ್ಯಕ್ರಮ ಏನು, ಟೀಶರ್ಟ್ ಯಾವ ಬಣ್ಣದ್ದು, ಎಲ್ಲ ಇದೆ. ಹಗ್ಗ ಎಷ್ಟು ಅನ್ನುವುದೊಂದೇ ಇಲ್ಲ. ಮುನ್ನೂರು ಟಿಕೆಟ್ ಅಂತ ಬರೆದಿದ್ದೀಯಲ್ಲ, ಆ ಮುನ್ನೂರು ಎಲ್ಲಿಂದ ಬಂತು ಮಾರಾಯ?

ಕೂತು ಲೆಕ್ಕ ಹಾಕು. ಹೊಸಬನೊಬ್ಬ ಗಂಟು ಹಾಕಿಕೊಂಡು, ಕೆಳಗೆ ಹಗ್ಗ ಹಿಡಿದವನು ಅದನ್ನು ನೋಡಿ ಸರಿ ಅಂದು, ಹದಿನೈದು ಮೀಟರ್ ಹತ್ತಿ, ಇಳಿದು, ಗಂಟು ಬಿಚ್ಚುವ ಹೊತ್ತಿಗೆ ಇಪ್ಪತ್ತು ನಿಮಿಷ ಕಳೆದಿರುತ್ತದೆ. ಮರಗಟ್ಟಿದ ಬೆರಳಲ್ಲಿ ಗಂಟು ಬಿಚ್ಚುವುದಕ್ಕೇ ಅದರಲ್ಲಿ ಒಂದು ಪಾಲು. ಅಂದರೆ ಒಂದು ಹಗ್ಗಕ್ಕೆ ಗಂಟೆಗೆ ಮೂರು ಸಲ, ಆರು ಗಂಟೆಯ ದಿನಕ್ಕೆ 18 ಸಲ. ಹತ್ತು ಹಗ್ಗಕ್ಕೆ 180. ದಿನಕ್ಕೆ ನಾಲ್ಕು ಸಲವಾದರೂ ಹತ್ತಲು ಸಿಗದವನು ದುಡ್ಡು ಕೊಟ್ಟು ಚಳಿಯಲ್ಲಿ ಕ್ಯೂ ನಿಂತ ಹಾಗೆ. 180ನ್ನು ನಾಲ್ಕರಿಂದ ಭಾಗಿಸು: 45. ಹತ್ತು ಹಗ್ಗದ ಗೋಡೆಗೆ ದಿನಕ್ಕೆ 45 ಜನ, ಎರಡು ದಿನಕ್ಕೆ 90. ಉಳಿದ ಇನ್ನೂರಹತ್ತು ಜನ ಬರುವುದು ಬೇಡ ಅಂತಲ್ಲ. ಅವರಿಗೆ ಸ್ಪರ್ಧೆ ನೋಡುವ, ಸಂಜೆಯ ಕಾರ್ಯಕ್ರಮಕ್ಕೆ ಬರುವ ಬೇರೆ ಟಿಕೆಟ್ ಮಾಡು. ಹತ್ತುವ ಟಿಕೆಟ್ ಮಾತ್ರ ಈ ಅಂಕಿ ದಾಟಕೂಡದು.

ಹತ್ತು ಹಗ್ಗ ಇಳಿಬಿಡಲು ಎಷ್ಟು ಅಗಲದ ಐಸ್ ಬೇಕು? ಹಗ್ಗದಿಂದ ಹಗ್ಗಕ್ಕೆ ಮೂರು ಮೀಟರ್ ಅಂತರ ಇಡು. ಅದಕ್ಕಿಂತ ಹತ್ತಿರವಾದರೆ ಒಬ್ಬ ಒಡೆದ ಚೂರು ಪಕ್ಕದವನ ಭುಜಕ್ಕೆ. ಹಾಗಾಗಿ 30 ಮೀಟರ್ ಅಗಲ. ಎತ್ತರ 15 ಮೀಟರ್, ಸರಾಸರಿ ಅರ್ಧ ಮೀಟರ್ ದಪ್ಪ ಅಂತ ಇಟ್ಟುಕೊಂಡರೂ 225 ಘನ ಮೀಟರ್ ಆಯಿತು. ಒಂದು ಘನ ಮೀಟರ್ ಐಸ್ 917 ಕಿಲೋ ತೂಗುತ್ತದೆ, ಒಟ್ಟು 206 ಟನ್. ಅಷ್ಟು ನೀರನ್ನು ಗೋಡೆಯ ಮೇಲೆ ಹೆಪ್ಪುಗಟ್ಟಿಸಬೇಕು. ಮೂವತ್ತು ಒಳ್ಳೆಯ ರಾತ್ರಿ ಸಿಕ್ಕವು ಅಂದುಕೋ, ಒಂದೊಂದು ರಾತ್ರಿಗೂ ಏಳು ಸಾವಿರ ಲೀಟರಿನ ಹತ್ತಿರ. ಇದು ಗಟ್ಟಿಯಾಗಿ ನಿಲ್ಲುವ ನೀರಿನ ಲೆಕ್ಕ. ಗಟ್ಟಿಯಾಗದೆ ಹರಿದುಹೋಗುವುದು ಇದರ ಮೇಲೆ. ನೀರು ಯಾರದು, ಯಾರ ಅನುಮತಿ ಬೇಕು, ಹರಿದುಹೋದದ್ದು ಯಾರ ಜಾಗಕ್ಕೆ ಅಥವಾ ಯಾವ ದಾರಿಗೆ ಹೋಗಿ ಹೆಪ್ಪುಗಟ್ಟುತ್ತದೆ, ಈ ಮೂರಕ್ಕೂ ಕಾಗದದಲ್ಲಿ ಉತ್ತರ ಇರಲಿ. ತಾನಾಗಿ ಹೆಪ್ಪುಗಟ್ಟುವ ಜಲಪಾತ ಇದ್ದರೆ ಈ ತಲೆನೋವು ಇಲ್ಲ. ಆದರೆ ಅದು ನಿನ್ನ ತಾರೀಖು ಕೇಳಿ ಗಟ್ಟಿಯಾಗುವುದಿಲ್ಲ.

ಐಸ್ ಬೆಳೆಸುವುದಂತೂ ಬೇಸಾಯವೇ. ಅಮೆರಿಕದ ಕೊಲರಾಡೊದಲ್ಲಿ ಯೂರೇ ಅಂತ ಊರಿದೆ. ಅಮೆರಿಕದ ಪರ್ವತಾರೋಹಿ ಜೆಫ್ ಲೋ 1996ರಲ್ಲಿ ಅಲ್ಲಿ ಶುರುಮಾಡಿದ ಐಸ್ ಹಬ್ಬ ಇವತ್ತಿಗೂ ನಡೆಯುತ್ತದೆ. ಕಮರಿಯ ಅಂಚಿಗೆ ಪೈಪು ಹಾಸಿ, ರಾತ್ರಿ ನೀರು ಚಿಮುಕಿಸಿ ಗೋಡೆ ಬೆಳೆಸುತ್ತಾರೆ. ಆ ಕೆಲಸದವರನ್ನು ಕರೆಯುವುದೇ ಐಸ್ ರೈತರು ಅಂತ. ವಿಧಾನ ಕೇಳಲು ಸುಲಭ, ಕೆಡುವುದು ಅದಕ್ಕಿಂತ ಸುಲಭ. ಮೊದಲ ರಾತ್ರಿಗಳಲ್ಲಿ ಬಂಡೆಗೆ ಸಣ್ಣ ಹನಿಯಾಗಿ ಸಿಂಪಡಿಸಿ ತೆಳು ಪದರ ಕಟ್ಟಿಸಬೇಕು. ಆತುರಪಟ್ಟು ನಲ್ಲಿ ಪೂರ್ತಿ ತಿರುಗಿಸಿದರೆ ಮೇಲೊಂದು ಚಿಪ್ಪು ಕಟ್ಟಿಕೊಂಡು ಒಳಗೆ ನೀರು ಹರಿಯುತ್ತಲೇ ಇರುತ್ತದೆ. ನೋಡಲು ದಪ್ಪ, ಟೂಲಿನಿಂದ, ಅಂದರೆ ಹತ್ತುವವನ ಕೈಯ ಐಸ್ ಕೊಡಲಿಯಿಂದ, ತಟ್ಟಿದರೆ ಖಾಲಿ ಮಡಕೆಯ ಸದ್ದು. ಅಂಥ ಜಾಗಕ್ಕೆ ಯಾರನ್ನೂ ಬಿಡಬೇಡ. ಪೈಪುಗಳು ಒಂದೇ ಕಡೆಗೆ ಇಳಿಜಾರಾಗಿರಬೇಕು, ತೀರ ತಗ್ಗಿನಲ್ಲಿ ನೀರು ಖಾಲಿ ಮಾಡುವ ವಾಲ್ವ್ ಇರಬೇಕು. ನೀರು ನಿಲ್ಲಿಸಿದ ಕೂಡಲೇ ಆ ವಾಲ್ವ್ ತೆರೆಯುವ ಹೊಣೆ ಒಬ್ಬನೇ ಒಬ್ಬನದಾಗಿರಲಿ. ಇಬ್ಬರಿಗೆ ಹೇಳಿದರೆ ಇನ್ನೊಬ್ಬ ತೆರೆದಿರುತ್ತಾನೆ ಅಂತ ಇಬ್ಬರೂ ಮಲಗುತ್ತಾರೆ, ಬೆಳಗ್ಗೆ ಪೈಪು ಸೀಳಿರುತ್ತದೆ. ಸಿಂಪಡಿಸುವ ತಲೆಗಳಲ್ಲಿ ಮರಳು ಕೂತು ಕಟ್ಟಿಕೊಳ್ಳದಂತೆ ಮೊದಲೇ ಫಿಲ್ಟರ್ ಹಾಕಿಸು.

ಹವೆಯ ವಿಷಯ. ಮೈನಸ್ 5ರಿಂದ ಮೈನಸ್ 10 ಡಿಗ್ರಿ ಹತ್ತಲು ಹಿತವಾದ ಐಸ್ ಕೊಡುತ್ತದೆ, ಟೂಲಿನ ಮೊನೆ ಒಂದೇ ಏಟಿಗೆ ನಾಟುತ್ತದೆ. ಮೈನಸ್ 15ರ ಕೆಳಗೆ ಹೋಯಿತೆಂದರೆ ಗಾಜಿನ ಹಾಗೆ ಆಗಿ ತಟ್ಟೆ ತಟ್ಟೆಯಾಗಿ ಎದ್ದುಬರುತ್ತದೆ. ಇನ್ನೂ ಕೆಟ್ಟದ್ದು ಒಂದೇ ರಾತ್ರಿಯಲ್ಲಿ ಹತ್ತು ಹನ್ನೆರಡು ಡಿಗ್ರಿ ಕುಸಿಯುವುದು. ಐಸ್ ಕುಗ್ಗಿ ಒಳಗೇ ಬಿಗಿದುಕೊಳ್ಳುತ್ತದೆ. ಬಂಡೆಗೆ ಅಂಟದೆ ನಿಂತ ಕಂಬ ಅಡ್ಡಕ್ಕೆ ಬಿರುಕು ಬಿಡುವುದು ಇಂಥ ಬೆಳಗ್ಗೆಯೇ. ಬಿಸಿಲು ಇನ್ನೊಂದು ಶತ್ರು. ಗಾಳಿ ಮೈನಸ್ಸಿನಲ್ಲಿದ್ದರೂ ನೇರ ಬಿಸಿಲು ಬಿದ್ದರೆ ಐಸಿನ ಹಿಂದಿನ ಕಪ್ಪು ಬಂಡೆ ಕಾದು ಅಂಟು ಬಿಡಿಸುತ್ತದೆ. ಉತ್ತರ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖಮಾಡಿದ ಗೋಡೆಗೇ ಬೆಲೆ.

ಇನ್ನು ಮೇಲಿನ ಆ್ಯಂಕರ್, ಅಂದರೆ ಹಗ್ಗವನ್ನು ಕಟ್ಟುವ ಆಧಾರ. ಇಡೀ ದಿನ ಹೊಸಬರು ನೇತಾಡುವ ಹಗ್ಗಕ್ಕೆ ಐಸಿನೊಳಗೆ ತಿರುಗಿಸಿ ಕೂರಿಸುವ ಐಸ್ ಸ್ಕ್ರೂವನ್ನೇ ನಂಬಬೇಡ. ಸ್ಕ್ರೂ ಲೋಹದ್ದು. ಬಿಸಿಲು ಕುಡಿದು ಸುತ್ತಲಿನ ಐಸನ್ನು ಕರಗಿಸುತ್ತದೆ, ಜೊತೆಗೆ ಭಾರವೂ ಜಗ್ಗುತ್ತಿರುತ್ತದೆ. ಬೆಳಗ್ಗೆ ಕಬ್ಬಿಣದಂತೆ ಕೂತಿದ್ದದ್ದು ಮಧ್ಯಾಹ್ನ ಕೈಯಲ್ಲೇ ಅಲ್ಲಾಡುತ್ತದೆ. ಬಂಡೆಗೆ ಕೊರೆದ ಬೋಲ್ಟ್ ಅಥವಾ ಬೇರು ಗಟ್ಟಿಯಿರುವ ದಪ್ಪ ಮರ ಹುಡುಕು. ಒಂದರ ಹಂಗು ಇನ್ನೊಂದಕ್ಕಿಲ್ಲದ ಎರಡು ಆಧಾರ ಕಡ್ಡಾಯ. ಅಲ್ಲಿಂದ ಹೆಚ್ಚು ಹಿಗ್ಗದ ಸ್ಟ್ಯಾಟಿಕ್ ಹಗ್ಗದಲ್ಲಿ ಅಂಚು ದಾಟಿಸಿ, ಹತ್ತುವ ಹಗ್ಗ ಓಡುವ ಕೊಂಡಿ, ಅಂದರೆ ಕ್ಯಾರಬಿನರ್, ಅಂಚಿನಿಂದ ಕೆಳಗೇ ಇರುವಂತೆ ಮಾಡು. ಅಂಚಿನ ಮೇಲೇ ಓಡಿದರೆ ಹಗ್ಗ ಐಸನ್ನು ಕೊರೆದು ಅದೇ ಸೀಳಿನಲ್ಲಿ ಹೆಪ್ಪುಗಟ್ಟಿ ಕೂರುತ್ತದೆ. ಬೇರೆ ದಾರಿಯೇ ಇಲ್ಲದೆ ಐಸನ್ನೇ ಆಶ್ರಯಿಸಬೇಕಾದರೆ ಅಬಲಾಕೋವ್ ತೂತು ಮಾಡು: 22 ಸೆಂಟಿಮೀಟರ್ ಸ್ಕ್ರೂನಿಂದ ಎರಡು ಓರೆ ತೂತು, ಒಳಗೆ ಒಂದಕ್ಕೊಂದು ಸುಮಾರು 60 ಡಿಗ್ರಿಯಲ್ಲಿ ಸೇರಬೇಕು, ಅದರೊಳಗೆ 7 ಮಿಲಿಮೀಟರ್ ಹುರಿ. ಹೀಗೆ ಎರಡು ಮೂರು ಕಡೆ ಮಾಡಿ ಜೋಡಿಸಿ, ಮೇಲೆ ಹಿಮ ಮುಚ್ಚಿ, ಎರಡು ಗಂಟೆಗೊಮ್ಮೆ ಒಬ್ಬ ಹೋಗಿ ನೋಡಬೇಕು.

ಹದಿನೈದು ಮೀಟರ್ ಗೋಡೆಗೆ ಹಗ್ಗ ಮೇಲೆ ಹೋಗಿ ಕೆಳಗೆ ಬರಬೇಕು, ಗಂಟಿಗೂ, ಕೆಳಗೆ ಹಗ್ಗ ಹಿಡಿದು ಬದಿಗೆ ಸರಿದು ನಿಂತ ಬಿಲೇಯರ್‌ಗೂ ಉಳಿಯಬೇಕು. 40 ಮೀಟರ್ ಸಾಕು, 50 ಇದ್ದರೆ ನೆಮ್ಮದಿ. ಹತ್ತು ಸಾಲಿಗೆ ಹದಿಮೂರು ಹಗ್ಗ ತಾ. ನೀರು ಹಿಡಿಯದ ಹಗ್ಗವೇ ಬೇಕು. ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟ ಯುಐಎಎಯ ನೀರು ತಡೆಯುವ ಪರೀಕ್ಷೆಯಲ್ಲಿ ಪಾಸಾದ ಹಗ್ಗ ತನ್ನ ತೂಕದ ಶೇ 5ಕ್ಕಿಂತ ಹೆಚ್ಚು ನೀರು ಹೀರಿಕೊಳ್ಳುವುದಿಲ್ಲ. ಸಾದಾ ಹಗ್ಗ ಮೊದಲ ಗಂಟೆ ನೆನೆಯುತ್ತದೆ, ಎರಡನೆಯ ಗಂಟೆ ಸರಳಿನ ಹಾಗೆ ಸೆಟೆದು ಬಿಲೇ ಸಾಧನದೊಳಗೆ ಹೋಗುವುದೇ ಇಲ್ಲ. ಇದರ ತದ್ವಿರುದ್ಧವೂ ಉಂಟು. ಹಗ್ಗದ ಮೇಲೆ ತೆಳು ಐಸ್ ಕವಚ ಕೂತರೆ, ತಾನೇ ಹಿಡಿದುಕೊಳ್ಳುತ್ತದೆ ಅಂತ ನಂಬಿಸಿದ ಸಾಧನವೂ ಜಾರುತ್ತದೆ. ಹಾಗಾಗಿ ಹಗ್ಗದಿಂದ ಕೈ ತೆಗೆಯುವ ಮಾತೇ ಇಲ್ಲ, ಪ್ರತಿ ಹೊಸ ಜೋಡಿಯೂ ನೆಲದಿಂದ ಒಂದು ಮೀಟರ್ ಮೇಲೆ ಒಮ್ಮೆ ಭಾರ ಬಿಟ್ಟು ನೋಡಲಿ. ರಾತ್ರಿ ಎಲ್ಲ ಹಗ್ಗವನ್ನೂ ಒಳಗೆ ತಂದು ಹರವಬೇಕು, ಸುತ್ತಿ ಚೀಲದಲ್ಲಿಟ್ಟರೆ ಮರುದಿನಕ್ಕೆ ಒಣಗಿರುವುದಿಲ್ಲ.

ಕಂಪನಿಗಳು ಕಳಿಸುವ ಡೆಮೊ ಸಾಮಾನು ಬಂದಾಗ ಎಲ್ಲರ ಕಣ್ಣೂ ಟೂಲುಗಳ ಮೇಲೆ. ಜಗಳ ಆಗುವುದು ಮಾತ್ರ ಬೂಟಿಗೆ. ಮಧ್ಯದ ಅಳತೆಗಳು ಮೊದಲ ಅರ್ಧ ಗಂಟೆಯಲ್ಲೇ ಖಾಲಿ, ಹೆಂಗಸರ ಸಣ್ಣ ಅಳತೆ ಬಂದೇ ಇರುವುದಿಲ್ಲ. ನೋಂದಣಿಯಲ್ಲೇ ಪಾದದ ಅಳತೆ ಕೇಳಿ, ಆ ಪಟ್ಟಿಯನ್ನು ಕಂಪನಿಗೆ ಕಳಿಸು. ಮೇಜಿನ ಹಿಂದೆ ನಿಲ್ಲುವವರಿಗೆ ಒಂದು ಕೆಲಸ ಚೆನ್ನಾಗಿ ಕಲಿಸು: ಬೂಟಿನ ಅಡಿಗೆ ಕಟ್ಟುವ ಹಲ್ಲಿನ ಚೌಕಟ್ಟು, ಅಂದರೆ ಕ್ರ್ಯಾಂಪನ್, ಕೂರಿಸುವುದು. ಬೂಟಿನ ತುದಿಯ ಕಚ್ಚಿನಲ್ಲಿ ಅಂಟಿದ ಐಸನ್ನು ಬೆರಳುಗುರಿನಿಂದ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಮುಂದಿನ ತಂತಿ ಕೂತ ಹಾಗೆ ಕಾಣುತ್ತದೆ, ಎರಡನೆಯ ಒದೆತಕ್ಕೆ ಕಳಚುತ್ತದೆ. ಹಿಂದಿನ ಲಿವರ್ ಹಾಕುವ ಮೊದಲು ಬೂಟನ್ನು ಕ್ರ್ಯಾಂಪನ್ ಸಮೇತ ಮೇಲೆತ್ತಿ ಅಲ್ಲಾಡಿಸಿ ನೋಡು: ಅಳತೆ ಸರಿಯಿದ್ದರೆ ಬೀಳುವುದಿಲ್ಲ. ಮುಂದಿನ ಹಲ್ಲು ಬೂಟಿನಿಂದ ಎರಡು, ಎರಡೂವರೆ ಸೆಂಟಿಮೀಟರ್ ಹೊರಗಿರಬೇಕು. ಆ ಕಚ್ಚೇ ಇಲ್ಲದ ಮೆತ್ತನೆ ಬೂಟಿಗೆ ಪೂರ್ತಿ ಲಿವರಿನ ಕ್ರ್ಯಾಂಪನ್ ಕೊಡಲೇಕೂಡದು. ಟೂಲಿನ ಮೊನೆ ಬಂಡೆಗೆ ಬಡಿದು ಮೊಂಡಾದರೆ ಕೈ ಅರದಿಂದ ಉಜ್ಜಿ ಸರಿಮಾಡು. ಗ್ರೈಂಡರ್ ಹಿಡಿದರೆ ಕಾದು ಉಕ್ಕಿನ ಹದ ಹೋಗುತ್ತದೆ, ಆಮೇಲೆ ಅದು ಬಾಗುವ ತಗಡು.

ಸ್ವಯಂಸೇವಕರ ಲೆಕ್ಕಕ್ಕೂ ಹಗ್ಗವೇ ಬುಡ. ಎರಡು ಹಗ್ಗಕ್ಕೊಬ್ಬ ಕಣ್ಗಾವಲಿನವ, ಅಂದರೆ 5. ಮೇಲಿನ ಆ್ಯಂಕರಿಗೆ 2, ಸಾಮಾನಿನ ಮೇಜಿಗೆ 4, ನೋಂದಣಿಗೆ 2, ಗಾಡಿ ನಿಲ್ಲಿಸುವಲ್ಲಿ 2, ಯಾರಿಗೂ ಹಂಚದೆ ಕೈಯಲ್ಲಿಟ್ಟುಕೊಳ್ಳಲು 2. ಒಂದು ಶಿಫ್ಟಿಗೆ 17, ಎರಡು ಶಿಫ್ಟಿಗೆ 34. ಹೆಸರು ಬರೆಸಿಕೊಳ್ಳುವಾಗ 40 ಇರಲಿ. ಪ್ರಥಮ ಚಿಕಿತ್ಸೆಯವರು ಇದರ ಹೊರಗೆ, ತರಬೇತಿ ಕೊಡುವ ಗೈಡುಗಳೂ ಹೊರಗೆ. ಐದು ಜನ ಹೊಸಬರಿಗೊಬ್ಬ ಅರ್ಹ ಗೈಡ್ ಬೇಕು, ಅವರಿಗೆ ಸಂಬಳ ಕೊಡು. ಪುಕ್ಕಟೆ ಗೈಡ್ ಅನ್ನುವ ಆಸೆ ಬಿಡು. ಶಿಫ್ಟು ಮೂರು ಗಂಟೆ ದಾಟದಿರಲಿ. ಹತ್ತುವವನ ಮೈ ಬಿಸಿಯಾಗುತ್ತದೆ, ಅಲ್ಲಾಡದೆ ನಿಂತು ಮೇಲೆ ನೋಡುವವನದು ತಣ್ಣಗಾಗುತ್ತದೆ. ತಣ್ಣಗಾದವನು ಮೊದಲು ಕಳೆದುಕೊಳ್ಳುವುದು ಗಮನ, ಅವನ ಕೆಲಸವೇ ಗಮನ.

ಅವರಿಗೆಲ್ಲ ಒಂದೇ ನಿಯಮ ಬಾಯಿಪಾಠ ಮಾಡಿಸು: ಹತ್ತುವವನ ನೇರ ಕೆಳಗೆ ಯಾರೂ ಇಲ್ಲ, ಬಿಲೇಯರ್ ಕೂಡ ಬದಿಗೆ. ಗೋಡೆಯ ಬುಡದಿಂದ ಎತ್ತರದ ಅರ್ಧದಷ್ಟಾದರೂ ದೂರಕ್ಕೆ ಹಗ್ಗ ಕಟ್ಟಿ ಗಡಿ ಮಾಡು. ಬುಡ ಇಳಿಜಾರಿದ್ದರೆ ಇನ್ನೂ ದೂರ, ಚೂರುಗಳು ಪುಟಿದು ಉರುಳುತ್ತವೆ. ಗಡಿಯೊಳಗೆ ಹೆಲ್ಮೆಟ್ ಇಲ್ಲದ ತಲೆ ಕಂಡರೆ ಅದು ಸ್ಪಾನ್ಸರ್ ಕಂಪನಿಯವರದಾದರೂ ಹೊರಗೆ ಕಳಿಸುವ ಅಧಿಕಾರ ಸ್ವಯಂಸೇವಕನಿಗೆ ಇರಬೇಕು. ಫೋಟೊ ತೆಗೆಯುವವರೇ ಹೆಚ್ಚು ಸಲ ಸಿಕ್ಕಿಬೀಳುವುದು.

ಸ್ಪಾನ್ಸರ್ ಅಂದೆನಲ್ಲ, ಅಲ್ಲಿಗೇ ಬರೋಣ. ಎಂಟೊಂಬತ್ತು ತಿಂಗಳ ಮೊದಲೇ ಹೋಗು, ಚಳಿಗಾಲ ಹತ್ತಿರವಾದಾಗ ಹೋದರೆ ಅವರ ಬಜೆಟ್ ಮುಗಿದಿರುತ್ತದೆ. ಎರಡು ಜೇಬು ಬೇರೆ ಬೇರೆ ಇಟ್ಟುಕೋ. ವಿಮೆ, ಗೈಡುಗಳ ಸಂಬಳ, ಶೌಚಾಲಯ, ಆಂಬುಲೆನ್ಸ್ ಇವಕ್ಕೆ ನಗದೇ ಬೇಕು. ನಲವತ್ತು ಜೊತೆ ಕೈಗವಸು ಕಳಿಸಿದ ಕಂಪನಿಗೆ ಕೃತಜ್ಞತೆ ಹೇಳು, ಆದರೆ ಕೈಗವಸಿನಿಂದ ವಿಮೆಯ ಕಂತು ಕಟ್ಟಲಾಗದು. ಹೀಗೆ ಬಂದ ವಸ್ತುಗಳನ್ನು ಹರಾಜಿಗಿಡು, ಆದರೆ ಹರಾಜಿನ ಹಣವನ್ನು ಖರ್ಚಿನ ಲೆಕ್ಕದಲ್ಲಿ ಸೇರಿಸಬೇಡ. ಬಂದರೆ ಬಂತು. ಒಂದೇ ಬಗೆಯ ಸಾಮಾನು ಮಾಡುವ ಇಬ್ಬರನ್ನು ಕರೆಯುತ್ತೀಯಾದರೆ ಇಬ್ಬರಿಗೂ ಮೊದಲೇ ಹೇಳು. ಬ್ಯಾನರನ್ನು ಐಸಿಗೆ ಕಟ್ಟಲು ಒಪ್ಪಲೇಬೇಡ. ಗಾಳಿಗೆ ಪಟಪಟ ಬಡಿದು ಚೂರು ಉದುರಿಸುತ್ತದೆ, ಕರಗಿ ಮರುಗಟ್ಟಿದರೆ ಸೀಳದೆ ಬಿಡಿಸಲಾಗದು.

ಒಪ್ಪಂದದಲ್ಲಿ ಇರಲೇಬೇಕಾದ ಒಂದು ಪ್ಯಾರಾ: ಐಸ್ ಬರದಿದ್ದರೆ ಏನು? ಹತ್ತು ದಿನ ಮೊದಲು ಗೋಡೆ ನೋಡಿ ಮೊದಲ ತೀರ್ಮಾನ, ಮೂರು ದಿನ ಮೊದಲು ಕೊನೆಯದು. ತೀರ್ಮಾನ ಹೇಳುವವನು ಹಣಕಾಸು ನೋಡುವವನಾಗಬಾರದು, ದುಡ್ಡಿನ ಮುಂದೆ ತೆಳು ಐಸೂ ದಪ್ಪ ಕಾಣುತ್ತದೆ. ಐಸ್ ಇಲ್ಲದಿದ್ದರೆ ಒಣ ಬಂಡೆಯ ಮೇಲೆ ಟೂಲಿನಲ್ಲೇ ಹತ್ತುವ ಡ್ರೈ ಟೂಲಿಂಗ್, ಆ್ಯಂಕರ್ ಪಾಠ, ಮೊನೆ ಹರಿತ ಮಾಡುವ ಪಾಠ, ಸಂಜೆಯ ಕಾರ್ಯಕ್ರಮ ನಡೆಯುತ್ತವೆ ಅಂತ ಬರೆ. ಟಿಕೆಟಿನ ಯಾವ ಪಾಲು ವಾಪಸ್ ಅನ್ನುವುದೂ ಅಲ್ಲೇ ಇರಲಿ. ಇದನ್ನು ಮೊದಲೇ ಹೇಳಿದರೆ ಸ್ಪಾನ್ಸರ್ ಹೆದರಿ ಓಡುತ್ತಾನೆ ಅಂದುಕೊಳ್ಳಬೇಡ, ಆ ವ್ಯಾಪಾರದಲ್ಲಿರುವವರಿಗೆ ಚಳಿಗಾಲದ ಸ್ವಭಾವ ನಿನಗಿಂತ ಚೆನ್ನಾಗಿ ಗೊತ್ತು. ಹಬ್ಬ ಮುಗಿದು ಒಂದು ತಿಂಗಳೊಳಗೆ ಎಷ್ಟು ಜನ ಬಂದರು, ಡೆಮೊ ಸಾಮಾನು ಎಷ್ಟು ಕೈ ದಾಟಿತು ಅಂತ ಫೋಟೊ ಸಮೇತ ಎರಡು ಪುಟ ಕಳಿಸು.

ವಿಮೆಯ ಪಾಲಿಸಿಯಲ್ಲಿ ಯಾವುದಕ್ಕೆ ಅನ್ವಯಿಸುವುದಿಲ್ಲ ಅನ್ನುವ ಭಾಗವನ್ನು ಮೊದಲು ಓದು. ಸಾರ್ವಜನಿಕ ಕಾರ್ಯಕ್ರಮದ ಎಷ್ಟೋ ಪಾಲಿಸಿಗಳು ಕ್ಲೈಂಬಿಂಗನ್ನೇ ಹೊರಗಿಡುತ್ತವೆ. ಜಾಗದ ಮಾಲೀಕರ ಹೆಸರೂ ಪಾಲಿಸಿಯಲ್ಲಿ ಬರಲಿ. ವಾಕಿಟಾಕಿಯ ಬ್ಯಾಟರಿ ಜಾಕೆಟ್ಟಿನ ಒಳಜೇಬಿನಲ್ಲಿ, ಎದೆಗೆ ಶಾಕ್ ಕೊಡುವ ಎಇಡಿ ಯಂತ್ರ ಬೆಚ್ಚಗಿನ ಟೆಂಟಿನಲ್ಲಿ. ಆ ಟೆಂಟಿನೊಳಗೆ ಗ್ಯಾಸ್ ಹೀಟರ್ ಇಟ್ಟರೆ ಎರಡು ಕಡೆ ಗಾಳಿ ಆಡಲು ಬಿಡು, ಕಾರ್ಬನ್ ಮೊನಾಕ್ಸೈಡ್ ಅಲಾರಂ ತೂಗುಹಾಕು. ಗಾಯಾಳುವನ್ನು ಗೋಡೆಯ ಬುಡದಿಂದ ಆಂಬುಲೆನ್ಸಿಗೆ ಹೊರುವ ದಾರಿಯನ್ನು ಹಿಂದಿನ ದಿನ ಖಾಲಿ ಸ್ಟ್ರೆಚರ್ ಹೊತ್ತು ನಡೆದು ನೋಡಿ, ನಿಮಿಷ ಬರೆದಿಡಿ. ಕಾಲು ಜಾರುವ ಜಾಗ ಆಗಲೇ ಗೊತ್ತಾಗುತ್ತದೆ, ಅಲ್ಲಿ ಮರಳು ಹಾಕಿಸು.

ಸದ್ಯಕ್ಕೆ ನನಗೆ ಮೂರು ಮಾಹಿತಿ ಕಳಿಸು: ಗೋಡೆಯ ಎತ್ತರ, ಅಗಲ, ಅದರ ಮುಖ ಯಾವ ದಿಕ್ಕಿಗೆ. ಹಗ್ಗ ಎಷ್ಟು ಅಂತ ಆಮೇಲೆ ಒಟ್ಟಿಗೆ ಲೆಕ್ಕ ಹಾಕೋಣ. ಟೀಶರ್ಟಿನ ಬಣ್ಣ ನೀನೇ ನೋಡಿಕೋ.

ಇಂತಿ,
ನಿನ್ನ ಗೆಳೆಯ